ಹೊಸ ಕಾರಿನ ಮೈಗಾಪು

ವಿಜಯದಶಮಿಯ ದಿನ ಮುಂಬಯಿಯ ಯಾವ ಗಲ್ಲಿಯಲ್ಲಿ ನಡೆದರೂ ಒಂದೆರಡು ಹೊಸ ಕಾರುಗಳು ಕಣ್ಣಿಗೆ ಬೀಳದೆ ಇರುವುದಿಲ್ಲ. ಮುಂಭಾಗಕ್ಕೆ ಚೆಂಡುಹೂವಿನ ಮಾಲೆ, ಕುಂಕುಮದ ಸ್ವಸ್ತಿಕ, ಗಾಲಿಯ ಕೆಳಗೆ ನಿಂಬೆಹಣ್ಣು; ಸುತ್ತಲೂ ಕಟ್ಟಡದ ಮಕ್ಕಳೆಲ್ಲ ನೆರೆದು ಕನ್ನಡಿಯಂತಿರುವ ಅದರ ಬಾಗಿಲಿನಲ್ಲಿ ತಮ್ಮ ಮುಖಗಳನ್ನು ನೋಡಿಕೊಳ್ಳುತ್ತಿರುತ್ತಾರೆ. ಆ ಹೊಳಪು ಎಷ್ಟು ದಿನ ಉಳಿದೀತು, ಅದನ್ನು ಉಳಿಸಿಕೊಳ್ಳಲು ಏನು ಮಾಡಬೇಕು ಎಂಬ ಚಿಂತೆ ಮಾತ್ರ ಕೊಂಡವನ ಪಾಲಿಗೆ.

ಕಳೆದ ದಸರೆಗೆ ನಮ್ಮ ಪರಿಚಯದ ಚಾಲಕರೊಬ್ಬರು ಆ ಚಿಂತೆಯನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬಂದರು. ಅವರು ಕುಂದಾಪುರದ ಕಡೆಯವರು. ಇಪ್ಪತ್ತು ವರ್ಷ ಪರರ ಗಾಡಿಯನ್ನು ಓಡಿಸಿ, ಬ್ಯಾಂಕಿನಿಂದ ಸಾಲ ಪಡೆದು, ಪ್ರವಾಸಿಗಳ ಬಾಡಿಗೆಗೆಂದು ಸ್ವಂತದ್ದೊಂದು ಕಾರನ್ನು ಕಾದಿರಿಸಿದ್ದರು. ಅವರ ಮಗಳು ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಾಳೆ. ಮಾರಾಟದ ಮಳಿಗೆಯ ಗುಮಾಸ್ತನು ಗಾಡಿಯ ಬೆಲೆಯ ಜತೆಗೆ ಇನ್ನೊಂದು ಚೀಟಿಯನ್ನೂ ಅವರ ಕೈಗಿತ್ತಿದ್ದನು. ಟೆಫ್ಲಾನ್ ಲೇಪ, ಸಿರಾಮಿಕ್ ಲೇಪ, ಪಾರದರ್ಶಕ ಫಿಲ್ಮು, ಗಾಡಿಯ ತಳಕ್ಕೆ ಕರಿಯ ಲೇಪ ಎಂದು ನಾಲ್ಕು ಬಾಬುಗಳು; ಕೆಳಗೆ ಒಟ್ಟು ಮೊತ್ತ. ಆ ಮೊತ್ತವು ಅವರ ಇಬ್ಬರು ಮಕ್ಕಳ ಒಂದು ವರ್ಷದ ಓದಿನ ಖರ್ಚನ್ನು ಮೀರಿಸುವಂತಿತ್ತು. "ಮುಂಬಯಿ ಹವೆಗೆ ಇದನ್ನು ಹಾಕಿಸದಿದ್ರೆ ಒಂದೇ ಮಳೆಗಾಲಕ್ಕೆ ಬಣ್ಣ ಹೋಗ್ತದೆ ಅಂದ. ಹೌದಾ ಮಾಸ್ಟ್ರೇ?" ಎಂದು ಅವರು ಕೇಳಿದರು.

ಹೌದು ಎನ್ನಲೂ ಅಲ್ಲ ಎನ್ನಲೂ ನಮಗೆ ಆ ಕ್ಷಣಕ್ಕೆ ಧೈರ್ಯವಾಗಲಿಲ್ಲ. ವಿಜ್ಞಾನವನ್ನು ಕಲಿಸುವವರೆಂದು ಹೇಳಿಕೊಳ್ಳುವ ನಾವು ದಿನವೂ ಕಣ್ಣೆದುರಿಗಿರುವ ಈ ವಸ್ತುವನ್ನು ಕುರಿತು ಎಷ್ಟು ಕಡಿಮೆ ವಿಚಾರ ಮಾಡಿದ್ದೇವೆಂದು ನಾಚಿಕೆಯೂ ಆಯಿತು. ಎರಡು ದಿನಗಳ ಅವಧಿ ಕೇಳಿದೆವು. ಆ ಎರಡು ದಿನಗಳಲ್ಲಿಯೂ ಅನಂತರದಲ್ಲಿಯೂ ನಾವು ಓದಿ, ನೋಡಿ, ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶತ್ರುವನ್ನು ಗುರುತಿಸೋಣ. ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ಎರಡು ವಸ್ತುಗಳು ಬೇಕು: ನೀರು ಮತ್ತು ಆಮ್ಲಜನಕ. ಇವೆರಡರಲ್ಲಿ ಒಂದನ್ನು ದೂರವಿಟ್ಟರೂ ತುಕ್ಕು ಹುಟ್ಟದು. ಒದ್ದೆಯಾದ ಉಕ್ಕಿನ ತಗಡಿನ ಮೇಲೆ ಕಣ್ಣಿಗೆ ಕಾಣದಂತೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಒಂದು ಚುಕ್ಕೆಯಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಸಮೀಪದ ಇನ್ನೊಂದು ಚುಕ್ಕೆಯಲ್ಲಿ ಗಾಳಿಯಿಂದ ಬಂದ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಎಲೆಕ್ಟ್ರಾನುಗಳಿಗೆ ತಗಡೇ ಹಾದಿ, ಅಯಾನುಗಳಿಗೆ ನೀರೇ ಹಾದಿ. ಶುದ್ಧಜಲವು ಕೆಟ್ಟ ವಾಹಕ. ಅದಕ್ಕೆ ಉಪ್ಪು ಬೆರೆತರೆ ಒಳ್ಳೆಯ ವಾಹಕ. ಆದುದರಿಂದಲೇ ಉಪ್ಪುನೀರಿನಲ್ಲಿ ತುಕ್ಕಿನ ಕೆಲಸ ವೇಗವಾಗಿ ಸಾಗುತ್ತದೆ.

ಮುಂಬಯಿಯ ವಿಶೇಷವೇನೆಂದರೆ ಇಲ್ಲಿ ನೀರು, ಉಪ್ಪು, ಗಾಳಿ ಮೂರೂ ಒಂದೇ ಕಡೆ ಸೇರಿವೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕ ಮಳೆ. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಾಲ್ಕೇ ತಿಂಗಳಲ್ಲಿ. ಮೂರು ಕಡೆಗೂ ಸಮುದ್ರ. ಭರತದ ಹೊತ್ತಿಗೆ ಮರೀನ್ ಡ್ರೈವಿನಲ್ಲಿಯೋ ವರಳಿಯಲ್ಲಿಯೋ ನಿಂತವರ ತುಟಿಗೆ ಉಪ್ಪಿನ ರುಚಿ ಹತ್ತದೆ ಇರದು. ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಗಾಳಿಯ ತೇವಾಂಶವು ಶೇಕಡಾ ೭೫ನ್ನು ದಾಟಿದರೆ ಅಡಿಗೆಯ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ನೀವು ನೋಡಿಯೇ ಇದ್ದೀರಿ. ಕಾರಿನ ಸಂದುಗೊಂದುಗಳಲ್ಲಿ ಕುಳಿತ ಉಪ್ಪಿನ ಕಣವೂ ಹಾಗೆಯೇ. ಮಳೆ ನಿಂತು ಬಿಸಿಲು ಬಂದರೂ ಆ ಮೂಲೆ ಮಾತ್ರ ಹಗಲಿರುಳು ಒದ್ದೆಯಾಗಿಯೇ ಇರುತ್ತದೆ. ಸೊಲ್ಲಾಪುರದಲ್ಲಿರುವ ಕಾರಿಗೂ ವರ್ಸೋವದಲ್ಲಿರುವ ಕಾರಿಗೂ ಇದೇ ಅಂತರ.

ನಮ್ಮ ಹಿರಿಯರಿಗೆ ಈ ಶತ್ರುವಿನ ಪರಿಚಯ ಹೊಸದಲ್ಲ. ಕರಾವಳಿಯ ಮೀನುಗಾರರು ತಮ್ಮ ಮರದ ದೋಣಿಗಳಿಗೆ ಬೂತಾಯಿಯ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯನ್ನೋ ಬಳಿಯುತ್ತಿದ್ದರು. ಆ ಗೇರೆಣ್ಣೆ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಆದರೆ ಒಣಗಿದ ಮೇಲೆ ನೀರನ್ನು ಒಳಗೆ ಬಿಡದ ಗಟ್ಟಿ ಪೊರೆಯಾಗುತ್ತದೆ. ಇಂದಿಗೂ ಮೆರುಗೆಣ್ಣೆ ಮತ್ತು ಬಣ್ಣಗಳ ಕಾರಖಾನೆಗಳಿಗೆ ಅದು ಬೇಕಾದ ವಸ್ತು. ದಿಲ್ಲಿಯಲ್ಲಿರುವ ಸುಮಾರು ೧೬೦೦ ವರ್ಷಗಳ ಹಿಂದಿನ ಕಬ್ಬಿಣದ ಕಂಬದ ಕಥೆ ಇನ್ನೂ ಸೋಜಿಗದ್ದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ತಾನಾಗಿಯೇ ಹುಟ್ಟಿದ ಫಾಸ್ಫೇಟಿನ ತೆಳುಪೊರೆಯೇ ಅದನ್ನು ಕಾಯುತ್ತಿದೆ ಎಂದು ಲೋಹಶಾಸ್ತ್ರಜ್ಞರು ವಿವರಿಸಿದ್ದಾರೆ. ದಿಲ್ಲಿಯ ಒಣಹವೆಯ ನೆರವೂ ಅದಕ್ಕಿದೆ ಎನ್ನೋಣ. ಆದರೆ ಅಂಥ ಒಣಹವೆಯಿಲ್ಲದ, ಮಳೆ ಮಂಜುಗಳ ನಡುವಿನ ನಮ್ಮ ಕೊಡಚಾದ್ರಿಯ ಮೇಲೂ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದು ನಿಂತಿದೆ. ಕೊಲ್ಲೂರಿಗೆ ಹೋಗುವವರು ಕಾಲಿಗೆ ಬಲವಿದ್ದರೆ ಬೆಟ್ಟ ಹತ್ತಿ ಅದನ್ನೂ ನೋಡಿ ಬರತಕ್ಕದ್ದು. ಫಾಸ್ಫೇಟ್ ಎಂಬ ಈ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಕಾರಖಾನೆಯಲ್ಲಿ ಅದು ನಮಗೆ ಮತ್ತೆ ಸಿಗುತ್ತದೆ.

ಇನ್ನು ಮೋಟಾರಿನ ಬಣ್ಣದ ಚರಿತ್ರೆ. ಮೊದಮೊದಲು ಕುದುರೆಯ ಸಾರೋಟಿಗೆ ಬಳಿಯುತ್ತಿದ್ದ ಬಣ್ಣವನ್ನೇ ಮೋಟಾರಿಗೂ ಬಳಿಯುತ್ತಿದ್ದರು. ಅಗಸೆಯ ಎಣ್ಣೆ ಮತ್ತು ಮೆರುಗೆಣ್ಣೆಗಳ ಆ ಬಣ್ಣವನ್ನು ಕುಂಚದಿಂದ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ ಮುಗಿಸಲು ವಾರಗಳೇ ಹಿಡಿಯುತ್ತಿದ್ದುವು. ಅಮೆರಿಕದ ಫೋರ್ಡ್ ಕಂಪನಿಯು ತನ್ನ ಪ್ರಸಿದ್ಧವಾದ 'ಟಿ' ಮಾದರಿಯ ಗಾಡಿಗಳನ್ನು ೧೯೧೪ರಿಂದ ೧೯೨೫ರವರೆಗೆ ಬರಿಯ ಕಪ್ಪು ಬಣ್ಣದಲ್ಲಿಯೇ ಮಾರುತ್ತಿತ್ತು. ೧೯೨೩ರಲ್ಲಿ ಡುಪಾಂಟ್ ಕಂಪನಿಯು 'ಡ್ಯೂಕೋ' ಎಂಬ ಹೊಸ ಬಣ್ಣವನ್ನು ಹೊರತಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದರೆ ದೊರೆಯುವ ನೈಟ್ರೋಸೆಲ್ಯುಲೋಸ್ ಇದರ ಜೀವಾಳ. ತೀಕ್ಷ್ಣವಾಗಿ ಸಂಸ್ಕರಿಸಿದರೆ ಅದೇ ಸಿಡಿಮದ್ದು. ಸೌಮ್ಯವಾಗಿ ಸಂಸ್ಕರಿಸಿದರೆ ಅದೇ ಹಳೆಯ ಕಾಲದ ಸಿನೆಮಾದ ಸುರುಳಿ. ದ್ರಾವಕದಲ್ಲಿ ಕರಗಿಸಿ ಬಣ್ಣ ಬೆರೆಸಿದರೆ ಮೋಟಾರಿನ ಅಲಂಕಾರ. ಹತ್ತಿಯ ಗಿರಣಿಗಳೂ ಸಿನೆಮಾಗಳೂ ಮೋಟಾರುಗಳೂ ಒಟ್ಟೊಟ್ಟಿಗೆ ಬೆಳೆದ ಈ ನಗರಕ್ಕೆ ಇದಕ್ಕಿಂತ ಒಪ್ಪುವ ವಸ್ತು ಯಾವುದಿದ್ದೀತು! ಡ್ಯೂಕೋ ಎಂಬುದು ಒಂದು ಕಂಪನಿಯ ಮುದ್ರೆಯ ಹೆಸರೆಂಬುದನ್ನು ನಮ್ಮ ಗ್ಯಾರೇಜಿನವರು ಮರೆತೇಬಿಟ್ಟರು. ಗಾಡಿಗೆ ತುಂತುರು ಬಣ್ಣ ಹೊಡೆಯುವುದಕ್ಕೆಲ್ಲ ಅವರ ಬಾಯಲ್ಲಿ ಡ್ಯೂಕೋ ಎಂದೇ ಹೆಸರು.

ಮುಂಬಯಿಗೂ ಈ ಉದ್ಯಮಕ್ಕೂ ಇರುವ ನಂಟು ದೊಡ್ಡದು. ೧೯೪೪ರಲ್ಲಿ ವಾಲಚಂದ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯು ಕುರ್ಲಾದಲ್ಲಿ ಮೋಟಾರುಗಳನ್ನು ತಯಾರಿಸುತ್ತಿತ್ತು. ೧೯೬೪ರಿಂದ ಅಲ್ಲಿ ತಯಾರಾದ ಫಿಯೆಟ್ ಗಾಡಿಯೇ ಮುಂದೆ ಪದ್ಮಿನಿ ಎಂಬ ಹೆಸರು ಪಡೆದು, ಕಪ್ಪು ಹಳದಿ ಬಣ್ಣ ತೊಟ್ಟು, ನಾಲ್ಕು ದಶಕಗಳ ಕಾಲ ಈ ಊರಿನ ಟ್ಯಾಕ್ಸಿಯಾಯಿತು. ಅದರ ತಯಾರಿಕೆ ನಿಂತು ಬಹಳ ಕಾಲವಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿಯು ೨೦೨೩ರ ಅಕ್ಟೋಬರಿನಲ್ಲಿ ವಯಸ್ಸಿನ ಮಿತಿ ಮುಗಿದು ರಸ್ತೆಯಿಂದ ನಿವೃತ್ತವಾಯಿತು. ಬಣ್ಣದ ಕಾರಖಾನೆಗಳಲ್ಲಿಯೂ ಮುಂಬಯಿ ಮುಂದು. ಇಂದು ಕಾರುಗಳ ಬಣ್ಣದಲ್ಲಿ ಹೆಸರಾಗಿರುವ ನೆರೊಲ್ಯಾಕ್ ಸಂಸ್ಥೆಯು ೧೯೨೦ರಲ್ಲಿ ಲೋವರ್ ಪರೇಲಿನಲ್ಲಿ ಬೇರೊಂದು ಹೆಸರಿನಿಂದ ಆರಂಭವಾದುದು. ೧೯೪೨ರಲ್ಲಿ, ಯುದ್ಧದ ದೆಸೆಯಿಂದ ಹೊರದೇಶದ ಬಣ್ಣ ಬರುವುದು ನಿಂತಾಗ, ಗಿರಗಾಂವದ ಒಂದು ಗ್ಯಾರೇಜಿನಲ್ಲಿ ನಾಲ್ವರು ಗೆಳೆಯರು ಕೂಡಿ ಏಶಿಯನ್ ಪೇಂಟ್ಸನ್ನು ಆರಂಭಿಸಿದರು. ಬಣ್ಣದ ಡಬ್ಬಿ ಹಿಡಿದು, ಹಣೆಯ ಮೇಲೆ ಕೂದಲು ಇಳಿಬಿಟ್ಟುಕೊಂಡ ತುಂಟ ಹುಡುಗ ಗಟ್ಟುವನ್ನು ೧೯೫೪ರಲ್ಲಿ ಅವರಿಗೆ ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರು. ಮೈಸೂರಿನಲ್ಲಿಯೇ ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರಖಾನೆಯೊಂದು ಹುಟ್ಟಿ ಬಣ್ಣ ಮೆರುಗೆಣ್ಣೆಗಳ ಕಾರಖಾನೆಯಾಯಿತು. ೧೯೬೨ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಂದಲೇ ಬರುತ್ತಿದೆ. ಅದೂ ಒಂದು ಲೇಪವೇ ತಾನೆ! ಬಣ್ಣಗಳ ಶಾಸ್ತ್ರವನ್ನು ಕಲಿಯಬೇಕೆಂಬ ಹುರುಪಿದ್ದವರು ದೂರ ಹೋಗಬೇಕಾಗಿಯೂ ಇಲ್ಲ. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಹುಟ್ಟಿ, ಈಗ ಸ್ವತಂತ್ರ ಸಂಸ್ಥೆಯಾಗಿರುವ ರಸಾಯನ ತಂತ್ರಜ್ಞಾನ ವಿದ್ಯಾಲಯವು ಮಾಟುಂಗದಲ್ಲಿದೆ. ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋಗುವ ನಮ್ಮ ಜನ ಅದರ ಆಸುಪಾಸಿನಲ್ಲಿಯೇ ಎಷ್ಟೋ ಸಲ ಹಾದುಹೋಗಿರಬೇಕು.

ಹೊಸ ಕಾರಿಗೆ ಬೇರೆ ಲೇಪ ಬೇಕೆ ಎಂದು ಕೇಳುವ ಮುನ್ನ ಕಾರಖಾನೆಯವರೇ ಅದಕ್ಕೆ ಏನೇನು ಲೇಪಿಸಿ ಕಳುಹಿಸಿರುತ್ತಾರೆಂದು ತಿಳಿಯಬೇಕು. ಇದೇ ಈ ವಿಷಯದ ತಿರುಳು. ನಮ್ಮ ಚಾಲಕ ಮಿತ್ರರಿಗೆ ಯಾರೂ ಹೇಳದೆ ಬಿಟ್ಟ ಸಂಗತಿಯೂ ಇದೇ.

ಬೆಸುಗೆ ಮುಗಿದ ಉಕ್ಕಿನ ಒಡಲನ್ನು ಮೊದಲು ಜಿಡ್ಡು ಹೋಗುವಂತೆ ತೊಳೆಯುತ್ತಾರೆ. ಆಮೇಲೆ ಸತುವಿನ ಫಾಸ್ಫೇಟ್ ಇರುವ ದ್ರಾವಣದಲ್ಲಿ ಅದ್ದುತ್ತಾರೆ. ಅಲ್ಲಿ ತಗಡಿನ ಮೇಲೆ ಸಣ್ಣ ಹರಳುಗಳ ಪೊರೆಯೊಂದು ಬೆಳೆಯುತ್ತದೆ. ದಿಲ್ಲಿಯ ಕಂಬಕ್ಕೆ ಕಾಲವು ಕೊಟ್ಟ ಕವಚದ ಸಂಬಂಧಿಯನ್ನು ಇಲ್ಲಿ ಕೆಲವೇ ನಿಮಿಷಗಳಲ್ಲಿ ತೊಡಿಸುತ್ತಾರೆ ಎನ್ನಬಹುದು. ಹರಳುಗಳ ಆ ಒರಟುತನವೇ ಮುಂದಿನ ಬಣ್ಣಕ್ಕೆ ಹಿಡಿತ ಕೊಡುತ್ತದೆ.

ಮುಂದಿನ ಹಂತವು ಎಲ್ಲಕ್ಕಿಂತ ಚಮತ್ಕಾರದ್ದು. ಇಡಿಯ ಒಡಲನ್ನು, ಬಾವಿಗೆ ಕೊಡವನ್ನು ಇಳಿಸುವಂತೆ, ನೀರಿನಲ್ಲಿ ಬಣ್ಣದ ಕಣಗಳು ತೇಲುತ್ತಿರುವ ಮಹಾತೊಟ್ಟಿಯೊಳಗೆ ಮುಳುಗಿಸುತ್ತಾರೆ. ಗಾಡಿಯ ಒಡಲನ್ನು ಋಣಾಗ್ರವನ್ನಾಗಿ ಮಾಡಿ ಕೆಲವು ನೂರು ವೋಲ್ಟುಗಳ ವಿದ್ಯುತ್ತನ್ನು ಹರಿಸುತ್ತಾರೆ. ಧನವಿದ್ಯುತ್ತನ್ನು ಹೊತ್ತ ಬಣ್ಣದ ಕಣಗಳು ಓಡಿಬಂದು ತಗಡನ್ನು ಅಪ್ಪಿಕೊಳ್ಳುತ್ತವೆ. ಬಣ್ಣ ಕುಳಿತ ಜಾಗದಲ್ಲಿ ವಿದ್ಯುತ್ತಿಗೆ ತಡೆ ಉಂಟಾಗುತ್ತದೆ. ಆಗ ಪ್ರವಾಹವು ಇನ್ನೂ ಬೆತ್ತಲೆಯಾಗಿರುವ ಜಾಗವನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತದೆ. ಕುಂಚವಾಗಲಿ ತುಂತುರು ಕೋವಿಯಾಗಲಿ ತಲುಪಲಾರದ ಬಾಗಿಲಿನ ಒಳಮೈ, ಕಂಬಗಳ ಪೊಳ್ಳು, ಮಡಿಕೆಗಳ ಸಂದು, ಎಲ್ಲೆಡೆಗೂ ಸುಮಾರು ೨೦ ಮೈಕ್ರಾನಿನ ಸಮನಾದ ಪೊರೆ ಏರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬಳಿಕ ೧೬೦ರಿಂದ ೧೮೦ ಡಿಗ್ರಿ ಸೆಲ್ಸಿಯಸ್ಸಿನ ಒಲೆಯಲ್ಲಿ ಅದನ್ನು ಬೇಯಿಸುತ್ತಾರೆ. ೧೯೬೦ರ ದಶಕದಲ್ಲಿ ಫೋರ್ಡ್ ಕಂಪನಿ ಬಳಕೆಗೆ ತಂದ ಈ ಕ್ರಮವು ಈಗ ಎಲ್ಲ ದೊಡ್ಡ ಕಾರಖಾನೆಗಳಲ್ಲಿಯೂ ಉಂಟು. ಹಿಂದಿನ ಕಾಲದ ಹಳೆಯ ಮೋಟಾರುಗಳಲ್ಲಿ ನೆಲದ ತಗಡು ಸವೆದು, ಕಾಲಿನ ಬುಡದಲ್ಲಿಯೇ ರಸ್ತೆ ಓಡುವುದು ಕಾಣುತ್ತಿದ್ದುದನ್ನು ನಿಮ್ಮ ಅಜ್ಜಂದಿರನ್ನು ಕೇಳಿದರೆ ಹೇಳಿಯಾರು. ಈಗ ಅಂಥ ದೃಶ್ಯ ವಿರಳವಾಗಿರುವುದಕ್ಕೆ ಮುಖ್ಯ ಕಾರಣ ಈ ತೊಟ್ಟಿಯ ಸ್ನಾನವೂ, ಹಲವು ತಗಡುಗಳಿಗೆ ಮೊದಲೇ ಕೊಡುವ ಸತುವಿನ ಲೇಪವೂ.

ಅದರ ಮೇಲೆ ಏರುಪೇರುಗಳನ್ನು ಮುಚ್ಚುವ ಪ್ರೈಮರು, ಅದರ ಮೇಲೆ ಕಣ್ಣಿಗೆ ಕಾಣುವ ನಿಜವಾದ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ನಾವು ಹೊಳಪೆಂದು ಮೆಚ್ಚುವುದು ಈ ಕೊನೆಯ ಪದರವನ್ನು. ಬಿಸಿಲಿನ ಅತಿನೇರಳೆ ಕಿರಣಗಳನ್ನು ನುಂಗಿ ಒಳಗಿನ ಬಣ್ಣ ಮಾಸದಂತೆ ಕಾಯುವುದೂ ಇದೇ. ಇದು ಸುಮಾರು ೪೦ ಮೈಕ್ರಾನ್ ದಪ್ಪ. ಎಲ್ಲ ಪದರಗಳನ್ನೂ ಕೂಡಿಸಿದರೆ ೧೦೦ರಿಂದ ೧೨೦ ಮೈಕ್ರಾನ್. ಈಗ ನೀವು ಕೈಯಲ್ಲಿ ಹಿಡಿದಿರುವ ಈ ಸಂಚಿಕೆಯ ಒಂದು ಹಾಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ. ಹೆಚ್ಚು ಕಡಿಮೆ ಅಷ್ಟೇ ದಪ್ಪದಲ್ಲಿ ಈ ಎಲ್ಲ ಪದರಗಳೂ ಅಡಗಿವೆ. ಲಕ್ಷಗಟ್ಟಲೆ ರೂಪಾಯಿ ಬೆಲೆಯ ಗಾಡಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಇರುವುದು ಒಂದು ಹಾಳೆ.

ಇನ್ನು ಚೀಟಿಯಲ್ಲಿದ್ದ ಬಾಬುಗಳನ್ನು ಪರೀಕ್ಷಿಸೋಣ.

ಟೆಫ್ಲಾನ್ ನಿಮ್ಮ ಮನೆಯ ದೋಸೆಯ ಕಾವಲಿಯಲ್ಲಿರುವ ವಸ್ತು. ಡ್ಯೂಕೋ ತಂದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಅದು ೧೯೩೮ರಲ್ಲಿ ಆಕಸ್ಮಿಕವಾಗಿ ದೊರೆಯಿತು. ಅದಕ್ಕೆ ಯಾವುದೂ ಅಂಟದು; ಅದೂ ಯಾವುದಕ್ಕೂ ಸುಲಭವಾಗಿ ಅಂಟದು. ಅದು ಕರಗುವುದೇ ೩೨೭ ಡಿಗ್ರಿಯಲ್ಲಿ. ಕಾವಲಿಗೆ ಅದನ್ನು ಹಿಡಿಸಲು ಅದಕ್ಕೂ ಮೀರಿದ ಶಾಖ ಕೊಡಬೇಕಾಗುತ್ತದೆ. ಅಷ್ಟು ಶಾಖ ಕೊಟ್ಟರೆ ಕಾರಿನ ಬಣ್ಣವೇ ಸುಟ್ಟುಹೋಗುವುದಿಲ್ಲವೆ? ಆದುದರಿಂದ ಮಳಿಗೆಯಲ್ಲಿ ಬಟ್ಟೆಯಿಂದ ತಿಕ್ಕಿ ಹಚ್ಚುವ ಟೆಫ್ಲಾನ್ ಎಂಬುದು ಒಂದು ಬಗೆಯ ಪಾಲಿಶೇ ಹೊರತು ಕಾವಲಿಯ ಲೇಪವಲ್ಲ. ಕೆಲವು ತಿಂಗಳ ತೊಳೆತಕ್ಕೆ ಅದು ಹೋಗುತ್ತದೆ. ಬ್ರೆಜಿಲ್ ದೇಶದ ಕಾರ್ನೌಬಾ ತಾಳೆಯ ಎಲೆಯಿಂದ ಬರುವ ಮೇಣವನ್ನು ವರ್ಷಕ್ಕೆ ಎರಡು ಮೂರು ಸಲ ನಾವೇ ತಿಕ್ಕಿದರೂ ಹೆಚ್ಚು ಕಡಿಮೆ ಅದೇ ಫಲ.

ಸಿರಾಮಿಕ್ ಲೇಪದ ವಿಷಯ ಬೇರೆ, ಅದು ಸುಳ್ಳಲ್ಲ. ಸಿಲಿಕಾನಿನ ಸಂಯುಕ್ತಗಳಿರುವ ಈ ದ್ರವವು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗಿ, ಗಾಜಿನ ಹತ್ತಿರದ ನಂಟನಾದ ಒಂದು ಪೊರೆಯಾಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಬಿದ್ದ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿಹೋಗುತ್ತದೆ. ಕೆಸರು ಬೇಗ ಹಿಡಿಯದು, ತೊಳೆಯುವುದು ಸುಲಭ, ಕಾಗೆ ಪಾರಿವಾಳಗಳ ಹಿಕ್ಕೆಯ ಹುಳಿ ಬಣ್ಣವನ್ನು ಮುಟ್ಟಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ. ಇವು ನಿಜವಾದ ಗುಣಗಳು. ಆದರೆ ಅದರ ದಪ್ಪವೆಷ್ಟು? ಒಂದೆರಡು ಮೈಕ್ರಾನ್. ರಸ್ತೆಯ ಜಲ್ಲಿ ಹಾರಿ ಬಡಿದರೆ ಅದು ಏನನ್ನೂ ತಡೆಯಲಾರದು. "ಒಂಬತ್ತು ಎಚ್ ಗಡಸುತನ" ಎಂದು ಜಾಹಿರಾತುಗಳಲ್ಲಿ ದೊಡ್ಡಕ್ಷರಗಳಲ್ಲಿ ಬರೆದಿರುತ್ತಾರೆ. ಕೇಳಿದವರು ವಜ್ರಕ್ಕಿಂತ ಒಂದು ಮೆಟ್ಟಿಲು ಕೆಳಗೆಂದು ಭ್ರಮಿಸುತ್ತಾರೆ. ಏಕೆಂದರೆ ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಎಂಬುವನ ಮಾನದಲ್ಲಿ ವಜ್ರಕ್ಕೆ ೧೦. ಆದರೆ ಈ ಎಚ್ ನಿಮ್ಮ ಚಿತ್ರಕಲೆಯ ಪೆಟ್ಟಿಗೆಯಲ್ಲಿರುವ ಸೀಸದ ಕಡ್ಡಿಯ ಎಚ್! ಒಂದು ನಿಯತವಾದ ಭಾರ ಹೇರಿ ಸೀಸದ ಕಡ್ಡಿಯನ್ನು ೪೫ ಡಿಗ್ರಿ ಓರೆಯಲ್ಲಿ ಲೇಪದ ಮೇಲೆ ತಳ್ಳುತ್ತಾರೆ. ಎಲ್ಲಕ್ಕಿಂತ ಗಡುಸಾದ ೯ ಎಚ್ ಕಡ್ಡಿಯೂ ಗೀರು ಮಾಡದಿದ್ದರೆ ಲೇಪಕ್ಕೆ ಆ ಅಂಕ. ಚೌಪಾಟಿಯ ಮರಳಿನಲ್ಲಿರುವ ಬೆಣಚುಕಲ್ಲಿನ ಕಣಕ್ಕೆ ಮೋಸ್‌ನ ಮಾನದಲ್ಲಿ ೭ ಅಂಕ. ಅದು ಸೀಸದ ಕಡ್ಡಿಗಿಂತ ಬಲು ಗಡುಸು. ಅದು ಈ ಲೇಪವನ್ನು ಗೀರದೆ ಬಿಡದು.

ಇನ್ನೊಂದು ಮಾತನ್ನು ಮಳಿಗೆಯವರು ಹೇಳುವುದು ಕಡಿಮೆ. ಈ ಲೇಪ ಹಚ್ಚುವ ಮುನ್ನ ಹೊಸ ಬಣ್ಣವನ್ನು ಯಂತ್ರದಿಂದ ಉಜ್ಜಿ ನಯ ಮಾಡುವುದುಂಟು. ಪ್ರತಿಯೊಂದು ಉಜ್ಜಾಟಕ್ಕೂ ಪಾರದರ್ಶಕ ಪದರದ ಒಂದೆರಡು ಮೈಕ್ರಾನ್ ಸವೆಯುತ್ತದೆ. ಅಣ್ಣನ ಅಂಗಿ ಹರಿದು ತಮ್ಮನಿಗೆ ತೇಪೆ ಹಾಕಿದಂತೆ! ಟ್ಯಾಂಕರಿನ ಅಥವಾ ಕೊಳವೆಬಾವಿಯ ಗಡುಸುನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಮಣಿಮಣಿಯಾದ ಹನಿಗಳು ಅಲ್ಲಲ್ಲೇ ಒಣಗಿ, ಸುಣ್ಣದ ಬಿಳಿಯ ಉಂಗುರಗಳು ಮೂಡುವುದೂ ಉಂಟು. ನಗರದ ನಲ್ಲಿಯಲ್ಲಿ ಬರುವ ಭಾತ್ಸಾ, ವೈತರಣಾ, ತಾನ್ಸಾಗಳ ಮೆದುನೀರಿಗೆ ಈ ದೋಷ ಅಷ್ಟಾಗಿ ಇಲ್ಲ.

ಮೂರನೆಯದು ಪಾರದರ್ಶಕ ಫಿಲ್ಮು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳು ಕಡಿಯದಂತೆ ಕಾಯಲು ಬಳಸಿದ ಪಾಲಿಯುರೆಥೇನ್ ಪೊರೆಯೇ ಇದರ ಪೂರ್ವಜ. ದಪ್ಪ ೧೫೦ರಿಂದ ೨೦೦ ಮೈಕ್ರಾನ್; ಎಂದರೆ ಕಾರಖಾನೆಯ ಎಲ್ಲ ಪದರಗಳನ್ನು ಕೂಡಿಸಿದುದಕ್ಕಿಂತಲೂ ಹೆಚ್ಚು. ರಬ್ಬರಿನಂತೆ ಬಾಗಿ, ಜಲ್ಲಿಯ ಪೆಟ್ಟನ್ನು ತಾನು ತಿನ್ನುತ್ತದೆ. ನಾಲ್ಕು ಬಾಬುಗಳಲ್ಲಿ ಪೆಟ್ಟನ್ನು ನಿಜವಾಗಿ ತಡೆಯುವುದು ಇದೊಂದೇ. ಬೆಲೆಯೂ ಇದರದೇ ಎಲ್ಲಕ್ಕಿಂತ ಹೆಚ್ಚು.

ನಾಲ್ಕನೆಯದಾದ ತಳಲೇಪವನ್ನು ಕುರಿತು ನಮ್ಮ ಬಂಧುಗಳೊಬ್ಬರ ಅನುಭವವನ್ನೇ ಹೇಳುತ್ತೇವೆ. ಅವರು ಕೆಲವು ವರ್ಷಗಳ ಹಿಂದೆ ಹೊಸ ಗಾಡಿಯ ತಳಕ್ಕೆಲ್ಲ ರಬ್ಬರು ಡಾಂಬರುಗಳ ದಪ್ಪ ಲೇಪ ಹೊಡೆಸಿ ನಿಶ್ಚಿಂತರಾಗಿದ್ದರು. ಮೂರನೆಯ ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ಒಳಗೆ ನೀರು ಕುಲುಕುವ ಸದ್ದು! ಕಿಟಕಿಯ ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿಯುವ ಮಳೆನೀರು ಹೊರಗೆ ಹೋಗಲೆಂದು ಬಾಗಿಲಿನ ಕೆಳಅಂಚಿನಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಲೇಪ ಹೊಡೆದವನು ಉತ್ಸಾಹದಲ್ಲಿ ಆ ತೂತುಗಳನ್ನೂ ಮುಚ್ಚಿಬಿಟ್ಟಿದ್ದನು. ಹೊರಗಿನಿಂದ ಹೊಳೆಯುತ್ತಿದ್ದ ಬಾಗಿಲು ಒಳಗಿನಿಂದ ಕೊಳೆಯುತ್ತಿತ್ತು. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದ ಅದು ಮೇಲಿನ ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಆ ಹಪ್ಪಳ ಕಂಡಾಗ ತುಂಬ ತಡವಾಗಿತ್ತು. ಲೇಪದ ತಪ್ಪಲ್ಲ ಅದು, ಹೊಡೆದ ಕೈಯದು.

ಈ ವಿಷಯವನ್ನು ನೋಡಲೆಂದೇ ನಾವು ಒಂದು ಭಾನುವಾರ ಕುರ್ಲಾ ಕಾಲಿನಾಗಳ ನಡುವಿನ ಸಿ. ಎಸ್. ಟಿ. ರಸ್ತೆಗೆ ಹೋಗಿದ್ದೆವು. ಮೋಟಾರಿನ ಬಿಡಿಭಾಗಗಳಿಗೆ ಹೆಸರಾದ ಆ ಬೀದಿಯ ಒಳಗಲ್ಲಿಯೊಂದರ ಗ್ಯಾರೇಜಿನಲ್ಲಿ, ಅಪಘಾತದಲ್ಲಿ ಜಖಂಗೊಂಡ ಬಾಗಿಲಿಗೆ ಹುಡುಗನೊಬ್ಬ ಬಣ್ಣ ಹೊಡೆಯುತ್ತಿದ್ದನು. ಅವನು ಕಲಬುರ್ಗಿಯ ಕಡೆಯವನೆಂದು ಮಾತಿನಿಂದಲೇ ತಿಳಿಯಿತು. ಮೂಗಿಗೆ ಕರವಸ್ತ್ರ ಕಟ್ಟಿದ್ದನು. ಇದರಿಂದ ಏನಾದರೂ ತೊಂದರೆಯಿಲ್ಲವೆ ಎಂದು ಕೇಳಿದೆವು. "ಕರವಸ್ತ್ರ ಅದಲ್ರೀ ಸರ. ಸಂಜೀಮುಂದ ಎದಿ ಬಿಗಿ ಹಿಡೀತದ, ರಾತ್ರಿ ಕೆಮ್ಮು ಬರ್ತದ, ಅಷ್ಟs" ಎಂದನು. ನಮಗೆ ಆ "ಅಷ್ಟs" ಎಂಬುದು ಬಹಳ ಹೊತ್ತು ಕಿವಿಯಲ್ಲಿ ಉಳಿಯಿತು. ಗ್ಯಾರೇಜುಗಳಲ್ಲಿ ಬಳಸುವ ಎರಡು ಡಬ್ಬಿಯ ಪಾರದರ್ಶಕ ಬಣ್ಣದಲ್ಲಿ, ಅದನ್ನು ಗಟ್ಟಿಗೊಳಿಸುವ ದ್ರವದೊಳಗೆ, ಐಸೊಸಯನೇಟ್ ಎಂಬ ವಸ್ತು ಇರುತ್ತದೆ. ಅದರ ತುಂತುರು ಶ್ವಾಸಕೋಶಕ್ಕೆ ಹೋದರೆ ಉಬ್ಬಸ ಹುಟ್ಟಬಹುದು. ದೇಹವು ಒಮ್ಮೆ ಅದಕ್ಕೆ ಮುನಿಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಕರವಸ್ತ್ರವು ಧೂಳನ್ನು ತಡೆದೀತು, ಈ ಆವಿಯನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ನಳಿಕೆಯಿಂದ ಒದಗಿಸುವ ಮುಖವಾಡವೇ ಅದಕ್ಕೆ ಬೇಕು. ದೊಡ್ಡ ಕಾರಖಾನೆಗಳಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಯಂತ್ರದ ಕೈಗಳು ಮಾಡುತ್ತವೆ. ಗಲ್ಲಿಯ ಗ್ಯಾರೇಜಿನಲ್ಲಿ ಮಾಡುವವರು ನಿಮಗಿಂತ ಎರಡು ಮೂರು ವರ್ಷ ದೊಡ್ಡವರಾದ ಹುಡುಗರು. ಬಾಗಿಲಿಗೆ ಆರು ಪದರಗಳ ಕವಚ; ಅದನ್ನು ತೊಡಿಸುವ ಹುಡುಗನ ಎದೆಗೆ ಒಂದು ಕರವಸ್ತ್ರ. ಮಾಲಿಕನಿಗೆ ಇಷ್ಟನ್ನು ತಿಳಿಸಿಯೇ ಬಂದೆವು, ಅವನು ತಲೆದೂಗಿದನು. ಮುಂದೇನಾಯಿತೋ ನೋಡಲು ಇನ್ನೊಮ್ಮೆ ಹೋಗಬೇಕಾಗಿದೆ.

ಬಣ್ಣದ ನಿತ್ಯಶತ್ರುವನ್ನು ಇನ್ನೂ ಹೇಳಲಿಲ್ಲ. ಅದು ಸಮುದ್ರವಲ್ಲ, ಬಿಸಿಲಲ್ಲ, ಬೆಳಗಿನ ಬಕೀಟು. ನಮ್ಮ ಸೊಸೈಟಿಗಳಲ್ಲಿ ಮುಂಜಾನೆ ಐದಕ್ಕೆ ಹುಡುಗರು ಬಂದು ಒಂದೇ ಬಕೀಟಿನ ನೀರಿನಲ್ಲಿ, ಒಂದೇ ಬಟ್ಟೆಯಿಂದ ಹತ್ತು ಹನ್ನೆರಡು ಕಾರುಗಳನ್ನು ಒರೆಸುತ್ತಾರೆ. ಮೊದಲನೆಯ ಕಾರಿನ ಮರಳು, ಕಟ್ಟಡ ಕಾಮಗಾರಿಯ ಸಿಮೆಂಟಿನ ಧೂಳು ಬಟ್ಟೆಯಲ್ಲಿ ಕುಳಿತು ಹನ್ನೆರಡನೆಯ ಕಾರನ್ನು ಉಜ್ಜುತ್ತದೆ. ಬಿಸಿಲಿಗೆ ಹಿಡಿದರೆ ಬಣ್ಣದಲ್ಲಿ ಜೇಡನ ಬಲೆಯಂಥ ಗೀರುಗಳು ಕಾಣುವುದು ಇದರಿಂದಲೇ. ಹುಡುಗರ ತಪ್ಪೆನ್ನಲಾಗದು, ಅವರಿಗೆ ನೀರು ಕೊಡುವವರು ಒಂದೇ ಬಕೀಟನ್ನು ಕೊಡುತ್ತಾರೆ. ಈ ಪುಟಗಳನ್ನು ಓದುವವರಲ್ಲಿ ಒಬ್ಬಿಬ್ಬರಾದರೂ ಆ ಕೆಲಸ ಮಾಡಿ ಶಾಲೆಗೆ ಬರುವವರಿರಬಹುದು. ಅವರಿಗಾಗಿ ಬರೆಯುತ್ತೇವೆ: ಮೊದಲು ಬರಿಯ ನೀರು ಸುರಿದು ಮರಳನ್ನು ಇಳಿಸಬೇಕು; ಸಾಬೂನಿನ ನೀರಿಗೊಂದು, ಬಟ್ಟೆ ಜಾಲಿಸಲಿಕ್ಕೊಂದು ಎಂದು ಎರಡು ಬಕೀಟು ಇರಬೇಕು; ಒಣ ಧೂಳನ್ನು ಒಣ ಬಟ್ಟೆಯಿಂದ ಎಂದಿಗೂ ತಿಕ್ಕಬಾರದು. ಮಳೆಮರದ ಕೆಳಗೆ ನಿಲ್ಲಿಸಿದ ಗಾಡಿಯ ಮೇಲಿನ ಅಂಟನ್ನೂ ಹಕ್ಕಿಯ ಹಿಕ್ಕೆಯನ್ನೂ ಕೆರೆಯದೆ, ನೆನೆಸಿ ತೆಗೆಯಬೇಕು.

ಎರಡು ದಿನಗಳ ಬಳಿಕ ನಮ್ಮ ಚಾಲಕ ಮಿತ್ರರು ಮಗಳೊಡನೆ ಬಂದರು. ಕಾರಖಾನೆಯ ಪದರಗಳ ಚಿತ್ರವನ್ನು ಕಾಗದದ ಮೇಲೆ ಬರೆದು ತೋರಿಸಿದೆವು. ಒಂದೇ ಮಳೆಗಾಲಕ್ಕೆ ಹೋಗುವ ಬಣ್ಣವಲ್ಲ ಇದು ಎಂದು ಆಗ ಧೈರ್ಯವಾಗಿ ಹೇಳಿದೆವು. ಗಾಡಿಯನ್ನು ಅಂದಕ್ಕಾಗಿ ಇಟ್ಟುಕೊಳ್ಳುವವನಿಗೆ, ಕೈಯಲ್ಲಿ ಹಣವೂ ಇದ್ದರೆ, ಸಿರಾಮಿಕ್ ಲೇಪ ಸೊಗಸೇ ಸರಿ. ಸಾಲದಲ್ಲಿ ಕೊಂಡು ದುಡಿಸುವವನಿಗೆ ಅದು ಅನಿವಾರ್ಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಮಗಳು ಚೀಟಿಯನ್ನು ತೆಗೆದುಕೊಂಡು ಮೊದಲೆರಡು ಬಾಬುಗಳ ಮೇಲೆ ತಾನೇ ಗೆರೆ ಎಳೆದಳು. ಫಿಲ್ಮನ್ನು ಇಡಿಯ ಗಾಡಿಗೆ ಬೇಡವೆಂದು, ಪ್ರಯಾಣಿಕರು ಪೆಟ್ಟಿಗೆ ಎಳೆಯುವ ಹಿಂಬಾಗಿಲಿನ ಅಂಚಿಗೂ, ಉಗುರು ತಾಗುವ ಹಿಡಿಕೆಗಳ ಗುಳಿಗೂ, ಊರಿನ ಹೆದ್ದಾರಿಯಲ್ಲಿ ಜಲ್ಲಿ ಹಾರುವ ಮುಂಭಾಗದ ಅಂಚಿಗೂ ಮಾತ್ರ ತುಂಡುಗಳನ್ನು ಹಾಕಿಸಿದರು. ನಾಲ್ಕು ಗಾಲಿಗಳಿಗೂ ಕೆಸರು ತಡೆಯುವ ರಬ್ಬರು ಹಲಗೆಗಳನ್ನು ಕಟ್ಟಿಸಿದರು. ಉಳಿದ ಹಣದ ಒಂದು ಪಾಲು ವಿಮೆಗೆ ಹೋಯಿತು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ ೯೪೪ ಮಿಲಿಮೀಟರು ಮಳೆ ಸುರಿದಾಗ ಅವರು ಬೇರೊಬ್ಬರ ಗಾಡಿಯಲ್ಲಿ ಕಲೀನಾದ ಬಳಿ ಕುತ್ತಿಗೆಯವರೆಗೆ ನೀರಿನಲ್ಲಿ ಸಿಲುಕಿದ್ದರಂತೆ. ನೀರು ಹೊಕ್ಕ ಎಂಜಿನ್ನಿಗೆ ಪರಿಹಾರ ಕೊಡುವ ಪ್ರತ್ಯೇಕ ವಿಮೆಯುಂಟೆಂದು ನಾವು ಹೇಳಿದ ಕೂಡಲೇ, "ಅದೊಂದು ಬೇಕೇ ಬೇಕು ಮಾಸ್ಟ್ರೇ" ಎಂದರು.

ಆ ಹುಡುಗಿ ಈಗ ತಿಂಗಳಿಗೊಮ್ಮೆ ಒಂದು ಹಂಚಿಕಡ್ಡಿ ಹಿಡಿದು ಗಾಡಿಯ ಸುತ್ತ ಬಗ್ಗಿ ಬಗ್ಗಿ ಬಾಗಿಲಿನ ತೂತುಗಳನ್ನು ಚುಚ್ಚಿ ನೋಡುತ್ತಾಳೆ. ಶಾಲೆಯ ಪ್ರಯೋಗಶಾಲೆಯ ಕಿಟಕಿಯಲ್ಲಿ ಅವಳು ಮೂರು ಬಾಟಲಿಗಳನ್ನೂ ಇಟ್ಟಿದ್ದಾಳೆ. ಮೂರರಲ್ಲಿಯೂ ಜುಹೂ ಕಡಲಿನ ನೀರು. ಒಂದರಲ್ಲಿ ಬರಿಯ ಮೊಳೆ, ಇನ್ನೊಂದರಲ್ಲಿ ಮೇಣ ಬಳಿದ ಮೊಳೆ, ಮೂರನೆಯದರಲ್ಲಿ ಮೇಣ ಬಳಿದು ಗುಂಡುಸೂಜಿಯಿಂದ ಒಂದೇ ಒಂದು ಗೀರು ಎಳೆದ ಮೊಳೆ. ಮೊದಲನೆಯದು ಮರುದಿನವೇ ಕೆಂಪಾಯಿತು. ಎರಡನೆಯದು ಈ ಲೇಖನ ಬರೆಯುವವರೆಗೂ ಹಾಗೆಯೇ ಇದೆ. ಮೂರನೆಯದರಲ್ಲಿ ತುಕ್ಕು ಗೀರಿನಲ್ಲಿ ಆರಂಭವಾಗಿ, ಮೇಣದ ಅಡಿಯಲ್ಲಿಯೇ ಎರಡೂ ಬದಿಗೆ ಹರಿಯುತ್ತಿದೆ. ನೋಡಬಯಸುವವರು ಮಧ್ಯಾಹ್ನದ ಬಿಡುವಿನಲ್ಲಿ ಬಂದು ನೋಡಬಹುದು. ಬಾಟಲಿಗಳನ್ನು ಅಲುಗಿಸಬಾರದೆಂದು ಅವಳು ಚೀಟಿ ಅಂಟಿಸಿದ್ದಾಳೆ.